ತೆರೆಯದ ಕಿಟಕಿಯ ಬಳಿ ಕುಳಿತಿದ್ದವರು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ತಲೆಯಾಡಿಸುತ್ತಲೇ ಒಳಗೊಳಗೆ ಸಾರಿಗೆ ಬೇಳೆ ಇಟ್ಟೆನೋ ಇಲ್ಲವೋ ಎಂದು ಯೋಚಿಸುತ್ತಿದ್ದವಳು. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳಿದ ಸಿಸ್ಟರುಗಳು ದೇವರಿದ್ದಾನೆ ಎಂದು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೋ, ದೆವ್ವ ಇಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು. ಮದುವೆಯಾಗಿ ಚೆಂಬೂರಿಗೆ ಬಂದ ಮೇಲೆ ನಮ್ಮತ್ತೆ ಸಂಜೆ ಹೊತ್ತು ಹೂ ಕಟ್ಟುತ್ತಾ ಹೇಳುತ್ತಿದ್ದ ಕಥೆಗಳೂ ನನ್ನನ್ನು ಹೆದರಿಸಲಿಲ್ಲ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ತಲೆಯಾಡಿಸಿ ಬೇಳೆಯ ಯೋಚನೆ ಮಾಡಿದರೂ ನನಗೆ ಬೇಸರವಿಲ್ಲ.

ನಮ್ಮ ಯಜಮಾನರಿಗೆ ರೈಲಿನ ಹುಚ್ಚು. ಹುಚ್ಚು ಎಂದರೆ ಅವರಿಗೆ ಕೋಪ ಬರುತ್ತದೆ, ಆದರೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಬ್ಯಾಂಕಿನಲ್ಲಿದ್ದಷ್ಟು ದಿನ ಭಾನುವಾರಕ್ಕೆ ಮಾತ್ರ ಸೀಮಿತವಾಗಿದ್ದದ್ದು ನಿವೃತ್ತಿಯಾದ ಮೇಲೆ ಇಡೀ ವಾರಕ್ಕೆ ಹರಡಿಕೊಂಡಿತು. ಇವರಂಥವರದೇ ಒಂದು ಗುಂಪಿದೆ. ಕಲ್ಯಾಣದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಬರುವ ಎಂಜಿನ್ನಿನ ನಂಬರು ನೋಡಿ, ಹೆತ್ತ ಮಗು ಮೊದಲ ಹೆಜ್ಜೆ ಇಟ್ಟಂತೆ ಸಂಭ್ರಮಪಡುತ್ತಾರೆ. ಅದರಲ್ಲಿ ಇವರಿಗೆ ತೀರ ಹತ್ತಿರದವರು ಕಾಂದಿವಲಿಯ ದೇಸಾಯಿಯವರು, ಹುಬ್ಬಳ್ಳಿ ಕಡೆಯವರು. ನನ್ನನ್ನು ಅತ್ತಿಗೆ ಎನ್ನುವಂತೆ ‘ವೈನಿ’ ಎಂದು ಕರೆದು, ನನ್ನ ಅಡುಗೆಯನ್ನು ಹೊಗಳಿ, ನಮ್ಮ ಮನೆಯ ಊಟದ ಮೇಜನ್ನು ಇವರ ಜೊತೆ ಸೇರಿ ಹಾಳು ಮಾಡಿದವರು.

ಮೇಜಿನ ಕಥೆ ಹೀಗೆ. ತುಂಬಾ ಹಳೆಯ ಎರಡು ಬೋಗಿಗಳು, ಮರದ ಪಟ್ಟಿಯ ಷಟರ್ ಇರುವಂಥವು, ಕೊನೆಯ ಸಲ ಓಡಿ ಆಮೇಲೆ ಒಡೆಯುವುದಕ್ಕೆ ಹೋಗುತ್ತವೆ ಎಂದು ಇವರಿಗೆ ತಿಳಿಯಿತು. ಚಿಕ್ಕಂದಿನಲ್ಲಿ ಇವರು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುತ್ತಿದ್ದುದು ಅಂಥದೇ ಬೋಗಿಯಲ್ಲಂತೆ. ಸರಿ, ಹಿಡಿದರು. ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಿದರೋ, ಅಂತೂ ಒಂದು ಬೆಳಿಗ್ಗೆ ಕಲ್ಯಾಣದಿಂದ ಖೋಪೋಲಿಗೆ ಆ ಬೋಗಿಗಳನ್ನೇ ಹಾಕಿಸಿ ವಿಶೇಷ ಗಾಡಿ ಓಡಿಸಲು ಅನುಮತಿ ತಂದರು. ಇವರಿಗೆ ಬೇಕಿದ್ದುದು ಒಂದೇ ಒಂದು ಫೋಟೋ: ಆ ಗಾಡಿ ಸಾಲು ಕಿಟಕಿಗಳನ್ನೆಲ್ಲ ತೆರೆದುಕೊಂಡು ಬಿಸಿಲಲ್ಲಿ ಬರುತ್ತಿರುವುದು. ‘ಎಲ್ಲಾ ಕಿಟಕೀನೂ ತೆರೆದಿರಬೇಕು, ಹಾಗೇ ನೋಡಿರೋದು ನಾನು’ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು.

ಅಲ್ಲಿಂದ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ. ಎಂಜಿನ್ನಿನ ಮೂತಿಗೆ ಕಟ್ಟುವ ಹೆಸರಿನ ಹಲಗೆಗೆ ಊಟದ ಮೇಜಿನ ಮೇಲೆ ಬಣ್ಣ ಬಳಿದರು. ಅದು ಒಣಗುವ ತನಕ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಒಣಗಿದ ಮೇಲೆ ಕೆಂಪು ಸರಿಯಿಲ್ಲ ಎಂದು ದೇಸಾಯಿಯವರು ಹೇಳಿದರು, ಮತ್ತೆ ಬಳಿದರು. ಫೋನು ಹಿಡಿಯುವ ಕೆಲಸ ನನ್ನದಾಯಿತು. ಒಬ್ಬರಿಗೆ ಈರುಳ್ಳಿ ಬೇಡ, ಇನ್ನೊಬ್ಬರಿಗೆ ಎಂಜಿನ್ನಿಗೆ ಹತ್ತಿರದ ಸೀಟೇ ಬೇಕು, ಮತ್ತೊಬ್ಬರಿಗೆ ಗಾಡಿಯ ಸದ್ದು ರೆಕಾರ್ಡ್ ಮಾಡಬೇಕು, ಆದ್ದರಿಂದ ಪಕ್ಕದಲ್ಲಿ ಮಾತಾಡದವರನ್ನು ಕೂಡಿಸಬೇಕು! ನಾನು ಎಲ್ಲರಿಗೂ ‘ಶ್ಯೂರ್, ಶ್ಯೂರ್’ ಎನ್ನುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಸೌಜನ್ಯದ ಶಾಪ ಅದು.

ಆ ಭಾನುವಾರ ಬುಟ್ಟಿಗಟ್ಟಲೆ ಇಡ್ಲಿ ಹೊತ್ತು ಗಾಡಿ ಹತ್ತಿದೆವು. ಸುಳ್ಳು ಹೇಳಬಾರದು, ಬೋಗಿ ಚೆನ್ನಾಗಿತ್ತು. ಕೂತು ಕೂತು ನುಣುಪಾದ ಮರದ ಬೆಂಚುಗಳು, ಹಳೇ ಪೆಟ್ಟಿಗೆಯಂಥ ವಾಸನೆ. ಆದರೆ ಕಲ್ಯಾಣ ಬಿಡುವ ಮೊದಲೇ ಇವರ ಮುಖ ಕಪ್ಪಿಟ್ಟಿತು. ಎರಡನೆಯ ಬೋಗಿಯಲ್ಲಿ ಒಂದು ಕಿಟಕಿಯ ಷಟರ್ ಮೇಲೇಳುತ್ತಿರಲಿಲ್ಲ. ಉಳಿದವನ್ನೆಲ್ಲ ಎತ್ತಿ ಸಿಕ್ಕಿಸಿಯಾಗಿತ್ತು, ಇದೊಂದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ನಾನು ಹತ್ತಿರದಿಂದ ನೋಡಿದೆ. ಯಾವ ಕಾಲದಲ್ಲೋ ಬಣ್ಣ ಬಳಿದವರು ಷಟರಿಗೂ ಚೌಕಟ್ಟಿಗೂ ಸೇರಿಸಿಯೇ ಬಳಿದುಬಿಟ್ಟಿದ್ದರು. ಸಂದಿನ ಮೇಲೆ ಬಣ್ಣ ಹಾಲಿನ ಕೆನೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಕೆಳಮೂಲೆಯಲ್ಲಿ ಜೇಡರ ಬಲೆ ಬೇರೆ. ದೇಸಾಯಿಯವರು ಕಾಲು ಕೊಟ್ಟು ಎಳೆದು ಅಂಗೈ ಕೊಯ್ದುಕೊಂಡರು.

‘ವೈನಿ, ಇದಕ್ಕ ಸಿಟ್ಟ ಬಂದೈತಿ. ನೀವಽ ಒಂದೀಟು ರಮಿಸಿ ನೋಡ್ರಿ,’ ಎಂದರು ನಾನು ಕೈಗೆ ಕರ್ಚೀಫು ಕಟ್ಟುವಾಗ.

‘ಸಿಟ್ಟು ಬಂದೋರನ್ನ ರಮಿಸಿ ರಮಿಸಿ ನನಗೆ ಸಾಕಾಗಿದೆ,’ ಎಂದೆ. ಇವರು ನಗಲಿಲ್ಲ. ‘ಬಾಯಲ್ಲಿ ಒಂದು ಹಲ್ಲು ಬಿದ್ದ ಹಾಗೆ ಕಾಣತ್ತೆ ಫೋಟೋದಲ್ಲಿ’ ಎಂದು ಗೊಣಗಿದರು.

ಈ ಜನರ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಇಂಥ ಪ್ರವಾಸದಲ್ಲಿ ಯಾವುದಾದರೂ ಪುಟ್ಟ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿಯುತ್ತಾರೆ. ಖಾಲಿ ಗಾಡಿ ಹಿಂದಕ್ಕೆ ಹೋಗಿ, ಮತ್ತೆ ಸಿಳ್ಳು ಹಾಕಿಕೊಂಡು ಇವರ ಮುಂದೆ ಹಾದುಹೋಗುತ್ತದೆ, ಇವರು ಫೋಟೋ ಹೊಡೆಯುತ್ತಾರೆ. ಅದನ್ನೇ ಇನ್ನೊಂದು ಸಲ ಮಾಡಿಸುತ್ತಾರೆ. ಆಮೇಲೆ ಹತ್ತಿ ಮುಂದೆ ಹೋಗುತ್ತಾರೆ. ದುಡ್ಡು ಕೊಟ್ಟು ಗಾಡಿ ಹತ್ತಿ, ಇಳಿದು, ಆ ಗಾಡಿ ತಮ್ಮನ್ನು ಬಿಟ್ಟುಹೋಗುವುದನ್ನು ನೋಡಿ ಖುಷಿಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹೊತ್ತಿನಲ್ಲಿ ಗಾಡಿಯೊಳಗೆ ಯಾರೂ ಇರಬಾರದು, ಎಲ್ಲರೂ ಹಗ್ಗದ ಈಚೆ ನಿಲ್ಲಬೇಕು ಎಂಬುದು ಅನುಮತಿಯ ಷರತ್ತು. ಜವಾಬ್ದಾರಿ ಇವರದು.

ಕರ್ಜತ್ ದಾಟಿದ ಮೇಲೆ, ಒಂದೇ ಹಳಿಯಿರುವ ಆ ದಾರಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದೆವು. ಇವರೇ ಎರಡೂ ಬೋಗಿಗಳನ್ನು ತುದಿಯಿಂದ ತುದಿಗೆ ನೋಡಿ ಬಂದು ಬಾಗಿಲುಗಳ ಅಗುಳಿ ಹಾಕಿಸಿದರು. ಮೊದಲ ಸಲ ಇದ್ದಂತೆ ಓಡಲಿ, ಎರಡನೆಯ ಸಲಕ್ಕೆ ಮುಂಚೆ ಎಣ್ಣೆ ಬಿಟ್ಟು, ಉಳಿಯಿಂದ ಕೆತ್ತಿಯಾದರೂ ಷಟರ್ ತೆಗೆಯುವುದು, ಅಸಲಿ ಫೋಟೋ ಆಗ ಎಂದು ತೀರ್ಮಾನವಾಯಿತು. ಎಣ್ಣೆಯ ಡಬ್ಬಿ ಇವರ ಕೈಯಲ್ಲೇ ಇತ್ತು.

ನಾನು ಅವರೆಲ್ಲರಿಂದ ದೂರ, ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯ ಕಲ್ಲುಬೆಂಚಿನ ಮೇಲೆ ಕೂತೆ. ಕಾಲು ನೋಯುತ್ತಿತ್ತು. ಬೆಳಗಿನ ಎಳೆಬಿಸಿಲು ಹಳಿಯ ಮೇಲೆ ನೇರವಾಗಿ ಬಿದ್ದಿತ್ತು. ಗಾಡಿ ಸಿಳ್ಳು ಹಾಕುತ್ತಾ ಬಂತು. ಕ್ಯಾಮೆರಾಗಳ ಮುಂದೆ ಎಂಜಿನ್ ಹಾದು, ನನ್ನ ಮುಂದೆ ಬರುವಾಗ ವೇಗ ಇಳಿದಿತ್ತು. ಎರಡನೆಯ ಬೋಗಿಯ ಒಂದು ಕಿಟಕಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು.

ಹೊಗೆಯಂತೆ, ನೆರಳಿನಂತೆ ಏನೂ ಅಲ್ಲ. ಲೋಕಲ್ಲಿನಲ್ಲಿ ದಿನಾ ನಮ್ಮೆದುರು ಕೂರುವವರಂತೆ. ಎಲೆಹಸಿರು ಬಣ್ಣದ ನೂಲಿನ ಸೀರೆ. ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದಿದ್ದರು. ಮಣಿಕಟ್ಟಿಗೆ ಗಂಡಸರ ದೊಡ್ಡ ವಾಚು, ಮುಖ ಒಳಗಡೆಗೆ ತಿರುಗಿಸಿ ಕಟ್ಟಿದ್ದು. ಕನ್ನಡಕದ ಒಂದು ಕಡ್ಡಿಗೆ ಬಿಳಿ ದಾರ ಸುತ್ತಿತ್ತು. ಅವರು ನನ್ನನ್ನೇ ನೋಡಿದರು. ಆ ಮುಖದಲ್ಲಿ ಭಯವಿರಲಿಲ್ಲ, ದುಃಖವಿರಲಿಲ್ಲ. ಇದ್ದದ್ದು ಬೇಸರ. ‘ಇವರ ಆಟ ಇನ್ನೂ ಎಷ್ಟು ಹೊತ್ತಮ್ಮ?’ ಎನ್ನುವ ಬೇಸರ. ಕನ್ನಡಿ ಹಿಡಿದಿದ್ದರೆ ನನ್ನ ಮುಖದಲ್ಲೂ ಆಗ ಅದೇ ಕಾಣುತ್ತಿತ್ತು.

ನನಗೆ ಮೈ ಜುಮ್ಮೆನ್ನಲಿಲ್ಲ, ಸಿಟ್ಟು ಬಂತು. ಯಾವನೋ ಪುಣ್ಯಾತ್ಮ ಫೋಟೋದ ಗಡಿಬಿಡಿಯಲ್ಲಿ ಹೆತ್ತ ತಾಯನ್ನು ಗಾಡಿಯಲ್ಲೇ ಬಿಟ್ಟು ಇಳಿದಿದ್ದಾನೆ! ಈ ಜನ ಮಾಡಿಯಾರು ಎನಿಸುವ ತಪ್ಪೇ ಅದು. ಎದ್ದು ಓಡಿದೆ. ಗಾಡಿ ನಿಂತಿತ್ತು, ಇವರೂ ದೇಸಾಯಿಯವರೂ ಷಟರಿನ ಕಡೆ ಧಾವಿಸುತ್ತಿದ್ದರು.

‘ಗಾಡಿ ಹಿಂದಕ್ಕೆ ಬಿಡಬೇಡಿ, ಒಳಗೆ ಯಾರದೋ ತಾಯಿ ಇದ್ದಾರೆ,’ ಎಂದೆ.

‘ಯಾರೂ ಇಲ್ಲ, ನಾನೇ ನೋಡಿದ್ದೀನಿ.’

‘ಕೈಗೆ ವಾಚು ಕಟ್ಕೊಂಡಿದ್ದಾರೆ. ಕನ್ನಡಕಕ್ಕೆ ದಾರ ಸುತ್ತಿದೆ. ಇನ್ನೇನು ಹೇಳಲಿ ನಿಮಗೆ?’

ಇವರು ನನ್ನ ಮುಖ ನೋಡಿದರು. ಆಮೇಲೆ ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು ಗಾರ್ಡಿನತ್ತ ಕೈ ಅಡ್ಡ ಬೀಸಿದರು.

ಪ್ಲಾಟ್‌ಫಾರ್ಮಿನ ಕಡೆಯ ಬಾಗಿಲಿನ ಅಗುಳಿಗಳು ಹಾಕಿದ್ದ ಹಾಗೇ ಇದ್ದವು. ಒಳಗೆ ಬೆಂಚು ಬೆಂಚಿನ ಕೆಳಗೂ ಬಗ್ಗಿ ನೋಡಿದರು. ನನ್ನ ಇಡ್ಲಿ ಬುಟ್ಟಿಗಳು ಬಿಟ್ಟರೆ ಯಾರೂ ಇರಲಿಲ್ಲ. ‘ಖಾಲೀ ಆಹೇ ಮ್ಯಾಡಮ್, ಖಾಲೀ!’ ಎಂದ ಗಾರ್ಡ್. ಹಾಗಾದರೆ ಆ ಕಡೆಯ ಬಾಗಿಲಿನಿಂದ ಹಳಿಯತ್ತ ಇಳಿದಿರಬೇಕು, ಕಾಲು ತಪ್ಪಿ ಬಿದ್ದಿದ್ದರೆ? ನಾನು ಹಾಗೆ ಕೇಳಿದ ಮೇಲೆ ಇವರು ಗಾಡಿಯನ್ನು ಒಂದಿಂಚೂ ಹಿಂದೆ ಬಿಡಗೊಡಲಿಲ್ಲ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡವರನ್ನೆಲ್ಲ ಆ ಬದಿಯ ಚರಂಡಿ, ಪೊದೆಗಳನ್ನು ಹುಡುಕಲು ಕಳಿಸಿದರು. ‘ನಿಮ್ಮ ತಾಯಿ ಬಂದಿದ್ದಾರಾ?’ ಎಂದು ಒಬ್ಬೊಬ್ಬರನ್ನೂ ಕೇಳಿದರು. ಯಾರ ತಾಯಿಯೂ ಬಂದಿರಲಿಲ್ಲ. ‘ನಮ್ಮವ್ವ ನನ್ನ ಕೂಡ ಗಾಡಿ ಹತ್ತೂದ ಬಿಟ್ಟ ಜಮಾನಾ ಆತ್ರಿ’ ಎಂದರು ದೇಸಾಯಿ. ಅಂಧೇರಿಯ ಒಬ್ಬ, ಸಿನಿಮಾ ಕೆಲಸದವನು, ಕ್ಯಾಮೆರಾದ ಮುಕ್ಕಾಲಿ ಹೆಗಲ ಮೇಲಿಟ್ಟುಕೊಂಡು ‘ಆಂಟೀ, ಲೈಟ್ ಜಾ ರಹೀ ಹೈ’ ಎಂದು ನನ್ನೆದುರೇ ಹಲುಬಿದ. ಮುದುಕಿ ಬಿದ್ದಿರಬಹುದು ಎಂದರೆ ಇವನಿಗೆ ಬೆಳಕಿನ ಚಿಂತೆ! ಆದರೂ ಅವನಿಗೆ ‘ಸಾರಿ, ಸಾರಿ’ ಎಂದೆ. ಆ ಸೌಜನ್ಯ ಎಂದೆನಲ್ಲ.

ಅಷ್ಟರಲ್ಲಿ ಖೋಪೋಲಿಯಿಂದ ದಿನದ ಲೋಕಲ್ ಹೊರಡುವ ಹೊತ್ತು ಹತ್ತಿರವಾಯಿತು. ಅದಕ್ಕೂ ಮೊದಲು ನಮ್ಮ ಗಾಡಿ ಅಲ್ಲಿಗೆ ತಲುಪಿ ದಾರಿ ಬಿಡಲೇಬೇಕು ಎಂದು ಸ್ಟೇಷನ್ನಿನವರು ಹೇಳಿದರು. ಎರಡನೆಯ ಓಟ ಅಲ್ಲಿಗೆ ಮುಗಿಯಿತು. ಷಟರಿಗೆ ಎಣ್ಣೆ ಬೀಳಲೇ ಇಲ್ಲ.

ಗಾಡಿ ಹತ್ತುವಾಗ ದೇಸಾಯಿಯವರು ‘ಯಾವ ಕಿಟಕಿ ವೈನಿ?’ ಎಂದು ಕೇಳಿದರು. ಬಾಗಿಲಿನಿಂದ ಗುರುತು ಹಿಡಿಯುತ್ತಾ ಹೋದೆ. ಹೋಗಿ ನಿಂತದ್ದು ಆ ಮುಚ್ಚಿದ ಷಟರಿನ ಮುಂದೆ. ಬಣ್ಣದ ಕೆನೆ ಸಂದಿನ ಮೇಲೆ ಒಡೆಯದೆ ಹಾಗೇ ಇತ್ತು. ಜೇಡರ ಬಲೆಯೂ. ಪಕ್ಕದ ಕಿಟಕಿ ಇರಬೇಕು, ನಾನೇ ತಪ್ಪಿದೆ ಎಂದುಕೊಂಡೆ. ಖೋಪೋಲಿಯವರೆಗೂ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇಡ್ಲಿಯೂ ಉಳಿಯಿತು.

ಇವರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮನೆಗೆ ಬಂದು ಹೆಸರಿನ ಹಲಗೆಯನ್ನು ಮಂಚದ ಕೆಳಗೆ ತಳ್ಳಿ, ಪೇಪರು ಹಿಡಿದು ಕೂತರು. ಮೊದಲ ಓಟದ ಫೋಟೋಗಳನ್ನು ತೆರೆದೂ ನೋಡಲಿಲ್ಲ. ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ, ನಾನು ದೋಸೆಗೆ ರುಬ್ಬುತ್ತಿದ್ದಾಗ, ಒಳಗಿನಿಂದ ಕರೆದರು.

‘ಇಲ್ಲಿ ಬಾ. ಕೈ ತೊಳ್ಕೊಂಡು ಬಾ.’

ಕಂಪ್ಯೂಟರಿನಲ್ಲಿ ಅವರ ಫೋಟೋ ದೊಡ್ಡದಾಗಿ ಇತ್ತು. ಎಂಜಿನ್ನು, ಕೆಂಪು ಹಲಗೆ, ಅದರ ಹಿಂದೆ ಬಿಸಿಲಲ್ಲಿ ಬಾಗಿದ ಎರಡು ಬೋಗಿಗಳು. ಕಿಟಕಿಗಳೆಲ್ಲ ತೆರೆದಿದ್ದವು. ಎಲ್ಲವೂ. ಹಲ್ಲು ಬಿದ್ದ ಜಾಗ ಎಲ್ಲೂ ಇರಲಿಲ್ಲ. ಎರಡನೆಯ ಬೋಗಿಯಲ್ಲಿ, ಮುಚ್ಚಿದ ಕಂದು ಷಟರ್ ಇರಬೇಕಾದ ಕಡೆ, ಉಳಿದವುಗಳಂತೆಯೇ ಸರಳುಗಳು, ಸರಳುಗಳ ಹಿಂದೆ ಕತ್ತಲೆ.

ದೇಸಾಯಿಯವರಿಗೆ ಫೋನು ಮಾಡಿದರು. ಅವರು ಬೇರೆ ಜಾಗದಲ್ಲಿ ನಿಂತು ಬೇರೆ ಕ್ಯಾಮೆರಾದಲ್ಲಿ ತೆಗೆದದ್ದನ್ನು ತೆರೆದು ನೋಡಿದರು. ಆಮೇಲೆ, ‘ವೈನೀಗೆ ಕೊಡ್ರಿ ಫೋನು’ ಎಂದರು. ‘ವೈನಿ, ನನ್ನ ಅಂಗೈ ಇನ್ನೂ ಮಾದಿಲ್ಲ ನೋಡ್ರಿ. ಅದು ತೆಗೀಲಿಲ್ಲ. ಆದ್ರ ನನ್ನ ಫೋಟೋದಾಗೂ ತೆರದೈತಿ.’ ಉಳಿದವರದನ್ನೂ ತರಿಸಿ ನೋಡಿದರು. ಎಲ್ಲರದರಲ್ಲೂ ಹಾಗೇ. ಓಡುವಾಗ ಕುಲುಕಿ ತೆರೆದು ಮತ್ತೆ ಬಿದ್ದಿರಬಹುದು ಎಂದು ಯಾರೋ ಬರೆದರು. ಹಾಗಾದರೆ ಬಣ್ಣ ಒಡೆಯಬೇಡವೆ? ಬಲೆ ಹರಿಯಬೇಡವೆ? ಓಟದ ಮೇಲೆ ಅದನ್ನು ಗಮನಿಸಿ ನೋಡಿದವಳು ನಾನೊಬ್ಬಳೇ, ಮತ್ತು ನನ್ನ ಮಾತಿಗೆ ಆ ಗುಂಪಿನಲ್ಲಿ ಬೆಲೆ ಉಳಿದಿರಲಿಲ್ಲ. ಬೋಗಿಗಳು ಆಗಲೇ ಒಡೆಯಲು ಹೋಗಿದ್ದವು.

ಅಷ್ಟು ಕ್ಯಾಮೆರಾಗಳಿದ್ದವು, ಎಲ್ಲರೂ ಎಂಜಿನ್ನಿನ ಮೂತಿಗೇ ಫೋಕಸ್ ಮಾಡಿದ್ದರು. ಕಿಟಕಿಯ ಒಳಗನ್ನು ಹಿಗ್ಗಿಸಿ ನೋಡಿದರೆ ಬರೀ ಕಪ್ಪು ಚುಕ್ಕೆಗಳು. ಒಬ್ಬರಾದರೂ ಗಾಡಿಯೊಳಗಿನ ಮನುಷ್ಯರ ಕಡೆ ನೋಡುವ ಅಭ್ಯಾಸ ಇಟ್ಟುಕೊಂಡಿದ್ದರೆ!

ಇವರಿಗೆ ಬೇಕಿದ್ದ ಫೋಟೋ ಇವರಿಗೆ ಸಿಕ್ಕಿದೆ. ಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದ್ದಾರೆ. ಬಂದವರು ‘ವಾಹ್’ ಎನ್ನುತ್ತಾರೆ, ಇವರು ನನ್ನ ಕಡೆ ನೋಡುತ್ತಾರೆ, ನಾನು ಕಾಫಿ ತರಲು ಎದ್ದು ಹೋಗುತ್ತೇನೆ. ಅದನ್ನು ಒರೆಸುವವಳು ನಾನೇ. ಎರಡನೆಯ ಬೋಗಿಯ ಹತ್ತಿರ ಬಟ್ಟೆ ತಾನಾಗಿ ನಿಧಾನವಾಗುತ್ತದೆ. ಆ ಹೆಂಗಸು ಯಾರು, ಯಾರಿಗೆ ಕಾಯುತ್ತಿದ್ದರು, ನನಗೇ ಏಕೆ ಕಂಡರು, ಇಂದಿಗೂ ನನಗೆ ಗೊತ್ತಿಲ್ಲ.

ಇವರ ಹುಚ್ಚು ಬಿಟ್ಟಿಲ್ಲ. ಈಗಲೂ ನನ್ನನ್ನು ಎಳೆದುಕೊಂಡು ಎಲ್ಲೆಲ್ಲೋ ಹೋಗಿ, ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಖಾಲಿಯಾದ ಗಾಡಿಗೆ ಕ್ಯಾಮೆರಾ ಹಿಡಿಯುತ್ತಾರೆ. ಆದರೆ ಗುಂಡಿ ಒತ್ತುವ ಮೊದಲು ಕ್ಯಾಮೆರಾ ಇಳಿಸಿ, ಕಿಟಕಿಗಳ ಸಾಲಿನುದ್ದಕ್ಕೂ ಒಮ್ಮೆ ಕಣ್ಣಾಡಿಸುತ್ತಾರೆ.

‘ಯಾರೂ ಇಲ್ಲ, ಅಲ್ವಾ?’ ಎಂದು ನನ್ನನ್ನು ಕೇಳುತ್ತಾರೆ.

‘ನನಗೇನೋ ಕಾಣ್ತಿಲ್ಲ,’ ಎನ್ನುತ್ತೇನೆ. ಅಷ್ಟಾದರೂ ಇವರು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾರೆ.