ಮೂವತ್ತು ಎಣಿಸುವ ಊರು

ನಾನು ಚೆನ್ನಾಗಿ ಆಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಸ್ಕೆಟ್‌ಬಾಲ್ ಮಾತು ಬಂದರೆ ನನ್ನ ವಯಸ್ಸಿನವರು ಇಲ್ಲದ ವಿನಯ ತೋರಿಸುತ್ತಾರೆ, ನನಗೆ ಆ ಅಭ್ಯಾಸವಿಲ್ಲ. ಅರವತ್ತರ ದಶಕದಲ್ಲಿ, ಚಿನ್ನದ ಗಣಿಗಳ ನಡುವಿನ ನಮ್ಮ ಉರಿಗಾಂ ಮೈದಾನದಲ್ಲಿ ನನ್ನ ಕೈಯಿಂದ ಚೆಂಡು ಕಿತ್ತುಕೊಳ್ಳುವವನು ಇರಲಿಲ್ಲ. ಇದ್ದಿದ್ದರೆ ಅವನು ಬೇರೆ ಊರಲ್ಲಿದ್ದ.

ನಾವು ಬೂದಿಕೋಟೆ ಕಡೆಯ ಹಳ್ಳಿಯವರು, ರಾಗಿ ಬೆಳೆಯುವ ಮನೆ. ಅಣ್ಣ ಮೊದಲು ಬಂದು ಇಲ್ಲಿನ ಮೈಸೂರು ಮೈನ್ಸ್ ಎಂಬ ಗಣಿಗೆ ಇಳಿದ. ಆಮೇಲೆ ನನ್ನನ್ನು ಕರೆಸಿಕೊಂಡವನು ಗಣಿಗೆ ಮಾತ್ರ ಇಳಿಯಲು ಬಿಡಲಿಲ್ಲ. ಯಾರು ಯಾರ ಕೈಕಾಲು ಹಿಡಿದನೋ, ನೆಲದ ಮೇಲಿನ ವರ್ಕ್‌ಶಾಪಿನಲ್ಲಿ ಕೆಲಸ ಕೊಡಿಸಿದ. "ಮನೆಗೊಬ್ಬ ಇಳಿದ್ರೆ ಸಾಕು ಕಣ್ಲಾ. ನೀನು ಬಿಸ್ಲಾಗಿರು" ಎಂದ. ಬಿಸಿಲಲ್ಲಿದ್ದವನಿಗೆ ಸಂಜೆಗಳು ಸಿಕ್ಕವು, ಸಂಜೆಗಳಿಗೆ ಆಟ ಸಿಕ್ಕಿತು.

ನಮಗೆ ಕಲಿಸಿದ್ದು ಶಾಲೆಯೊಂದರ ಡ್ರಿಲ್ ಮಾಸ್ತರು. ಚಿನ್ನ ತೆಗೆದು ಉಳಿದ ಕಲ್ಲಿನ ಪುಡಿ ಸುರಿದು ಬೆಳೆದ ಸಯನೈಡ್ ದಿಬ್ಬದ ಪಕ್ಕದಲ್ಲಿ ನಮ್ಮ ಅಂಕಣ. ಗಾಳಿ ಬೀಸಿದರೆ ದಿಬ್ಬದ ಬೂದುಬಣ್ಣದ ಪುಡಿ ಬಂದು ಕಣ್ಣು, ಮೂಗು, ಚೆಂಡು ಎಲ್ಲದರ ಮೇಲೂ ಕೂರುತ್ತಿತ್ತು. ನಾವು ಗೊಣಗಿದರೆ ಮಾಸ್ತರು ಬರ್ಲಿನ್ನಿನ ಕಥೆ ತೆಗೆಯುತ್ತಿದ್ದರು. ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಸಲ ಪದಕ ಕೊಟ್ಟದ್ದು ಅಲ್ಲೇ ಅಂತೆ, ಅದೂ ಬಯಲಲ್ಲಿ, ಮಣ್ಣಿನ ಟೆನಿಸ್ ಅಂಕಣದಲ್ಲಿ. ಫೈನಲ್ ದಿನ ಮಳೆ ಹೊಯ್ದು, ಕೆಸರಲ್ಲಿ ಚೆಂಡು ಪುಟಿಯದೆ, ಅಮೆರಿಕದವರೂ ಕೆನಡಾದವರೂ ಒದ್ದೆ ಕೋಳಿಗಳ ಹಾಗೆ ಆಡಿದರಂತೆ. "ಅವರಿಗಿಂತ ನಿಮ್ಮ ನೆಲ ವಾಸಿ" ಎನ್ನುತ್ತಿದ್ದರು. ನಮಗೆ ಎತ್ತರ ಸಾಲದು ಎಂದರೆ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಮಾತು: ಅಲ್ಲಿ ಚಿನ್ನ ಗೆದ್ದ ಫಿಲಿಪ್ಪೀನ್ಸಿನವರೇನು ತಾಳೆಮರಗಳೇ? ನಾನು ಅದನ್ನೆಲ್ಲ ನಂಬಿದೆ. ಬರ್ಲಿನ್ ನನಗೆ ಬಂಗಾರಪೇಟೆಯಿಂದಾಚೆ ನಾಲ್ಕು ಸ್ಟೇಷನ್ ಅಷ್ಟೇ ಅನ್ನಿಸಿಬಿಟ್ಟಿತ್ತು.

ನಮ್ಮ ತಂಡದ ದೊಡ್ಡ ವಿದ್ಯೆಯೆಂದರೆ ಚೆಂಡು ಬಚ್ಚಿಡುವುದು. ಒಮ್ಮೆ ಮುಂದೆ ಹೋದೆವೆಂದರೆ ಚೆಂಡನ್ನು ನಮ್ಮ ನಮ್ಮಲ್ಲೇ ಸುತ್ತಿಸುತ್ತ ಎದುರಾಳಿಯ ತಾಳ್ಮೆ ಕೆಡಿಸುತ್ತಿದ್ದೆವು. ಆ ಸುಖಕ್ಕೂ ಕಲ್ಲು ಬಿತ್ತು. ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ರಷ್ಯದವರು ಅಮೆರಿಕದ ಮುಂದೆ ಇದೇ ಉಪಾಯ ಹೂಡಿ ಆಟವನ್ನು ಎಳೆದಾಡಿದ್ದರು. ಅದರಿಂದ ಬೇಸತ್ತು, ಚೆಂಡು ಸಿಕ್ಕ ಮೂವತ್ತು ಸೆಕೆಂಡಿನೊಳಗೆ ರಿಂಗಿಗೆ ಎಸೆಯಲೇಬೇಕೆಂದು ಜಗತ್ತಿಗೆಲ್ಲ ನಿಯಮ ಬಂತು. ಎಸೆಯದಿದ್ದರೆ ಚೆಂಡು ಎದುರಾಳಿಗೆ. ಎಲ್ಲೋ ಇಬ್ಬರು ದೊಡ್ಡವರು ಕಿತ್ತಾಡಿದ್ದಕ್ಕೆ ಉರಿಗಾಂನವರು ದಂಡ ಕಟ್ಟಿದೆವು.

ಮೂವತ್ತು ಸೆಕೆಂಡ್ ಅಳೆಯಲು ನಮ್ಮಲ್ಲಿ ಗಡಿಯಾರವಿರಲಿಲ್ಲ, ಜನವಿದ್ದರು. ನೋಡಲು ಬಂದವರೇ ಗಟ್ಟಿಯಾಗಿ ಎಣಿಸತೊಡಗಿದರು. ಮೊದಲ ಹತ್ತು ತಮಿಳಿನಲ್ಲಿ, ಆಮೇಲಿನ ಹತ್ತು ತೆಲುಗಿನಲ್ಲಿ, ಕೊನೆಯ ಹತ್ತು ಕನ್ನಡದಲ್ಲಿ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಹಾಗೇ ಆಯಿತು. ನಾನಂತೂ ಅಂಕಿಗಳಿಗೆ ಕಿವಿಗೊಡುತ್ತಲೇ ಇರಲಿಲ್ಲ. ಕಿವಿಗೆ ಕನ್ನಡ ಬಿದ್ದರೆ ಕಾಲು ತಾನಾಗಿ ರಿಂಗಿನ ಕಡೆ ಓಡುತ್ತಿತ್ತು.

ಭಾರತ ತಂಡ ಮೊಟ್ಟಮೊದಲ ಸಲ ಏಷ್ಯಾ ಚಾಂಪಿಯನ್‌ಷಿಪ್ ಆಡಲು ಹೋಗುತ್ತದೆಂಬ ಸುದ್ದಿ ಹಬ್ಬಿದ್ದ ಕಾಲ ಅದು. ಬೆಂಗಳೂರಿನ ತಂಡವೊಂದು ನಮ್ಮಲ್ಲಿಗೆ ಆಡಲು ಬಂತು. ಜೊತೆಗೆ ರಾಜ್ಯ ತಂಡಕ್ಕೆ ಆಟಗಾರರನ್ನು ಆರಿಸುವ ಹಿರಿಯರೊಬ್ಬರು. ರಾಜ್ಯ ತಂಡಕ್ಕೆ ಸೇರಿದವನಿಗೆ ಭಾರತ ತಂಡದ ದಾರಿ ತೆರೆಯುತ್ತದೆ. ಅವರು ನೋಡಲು ಬಂದದ್ದು ನನ್ನನ್ನೇ ಎಂದು ಮಾಸ್ತರು ಹೇಳಿದರು. ನನಗೇನೂ ಆಶ್ಚರ್ಯವಾಗಲಿಲ್ಲ.

ಆ ದಿನ ನಾನು ಆಡಿದ ಹಾಗೆ ಹಿಂದೆಯೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಆಟ ಮುಗಿಯುವ ಹೊತ್ತಿಗೆ ನಾವು ಒಂದೇ ಅಂಕ ಹಿಂದೆ, ಚೆಂಡು ನನ್ನ ಕೈಯಲ್ಲಿ. ಜನ ಎಣಿಸುತ್ತಿದ್ದಾರೆ. ತಮಿಳು ಮುಗಿದು ತೆಲುಗು ಶುರುವಾಗಿದೆ. ಎಡಕ್ಕೆ ತೋರಿಸಿ ಬಲಕ್ಕೆ ತಿರುಗಿದೆ, ನನ್ನನ್ನು ಕಾಯುತ್ತಿದ್ದವನು ಮುಗ್ಗರಿಸಿದ. ರಿಂಗಿನವರೆಗೆ ದಾರಿ ಬರಿದಾಯಿತು.

ಆಗ ನೆಲ ನಡುಗಿತು.

ಕೆಳಗೆ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಊರು ಅದುರುತ್ತದೆ. ಅದು ನಮಗೆ ಹೊಸದಲ್ಲ. ಅದುರಿದಾಗ ನಮ್ಮವರು ಓಡುವುದಿಲ್ಲ, ಕಿರುಚುವುದಿಲ್ಲ, ಇದ್ದಲ್ಲೇ ನಿಂತುಬಿಡುತ್ತಾರೆ. ಸಾರು ಬಡಿಸುವವಳು ಸೌಟು ಹಿಡಿದೇ ನಿಲ್ಲುತ್ತಾಳೆ, ಕ್ಷೌರದವನು ಕತ್ತಿ ಎತ್ತಿದ್ದ ಹಾಗೇ ನಿಲ್ಲುತ್ತಾನೆ. ಯಾವ ಗಣಿ, ಸೈರನ್ ಕೂಗುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಕಾಯುತ್ತಾರೆ. ಆ ದಿನವೂ ಎಣಿಕೆ ಅಲ್ಲಿಗೇ ನಿಂತಿತು. ನಮ್ಮ ಐವರೂ ನಿಂತೆವು. ಎಲ್ಲರ ಮುಖ ಮೈಸೂರು ಮೈನ್ಸಿನ ಕಡೆಗೆ. ಅಣ್ಣನದು ಹಗಲು ಶಿಫ್ಟು. ಚೆಂಡನ್ನು ಎದೆಗೆ ಅವಚಿಕೊಂಡು ನಿಂತೆ.

ಬೆಂಗಳೂರಿನವರು ಗಣಿಯಲ್ಲಿ ದಿನವೂ ಹಾರಿಸುವ ಸಿಡಿಮದ್ದು ಎಂದುಕೊಂಡರಂತೆ. ಅವರ ರೆಫರಿಯ ಕೈಯಲ್ಲಿ ಗಡಿಯಾರವಿತ್ತು, ಅದು ಯಾರಿಗೂ ಕಾಯಲಿಲ್ಲ. ಸೀಟಿ ಊದಿದರು. ಮೂವತ್ತು ಸೆಕೆಂಡ್ ಆಯಿತು, ಚೆಂಡು ಅವರಿಗೆ. ನಿಯಮದ ಪ್ರಕಾರ ಸರಿ. ಆಟಕ್ಕೆ ಇನ್ನು ಮೂವತ್ತು ಸೆಕೆಂಡೂ ಉಳಿದಿರಲಿಲ್ಲ, ಅಷ್ಟನ್ನು ಅವರು ನಮ್ಮದೇ ವಿದ್ಯೆಯಿಂದ ಕಳೆದು ಗೆದ್ದರು.

ಆರಿಸಲು ಬಂದಿದ್ದ ಹಿರಿಯರು ನನ್ನ ಹತ್ತಿರ ಬಂದರು.

"ದಾರಿ ಖಾಲಿ ಇತ್ತಲ್ಲಪ್ಪಾ, ಯಾಕೆ ನಿಂತೆ?"

"ನಮ್ಮಣ್ಣ ಕೆಳ್ಗವ್ನೆ ಸಾರ್."

ಅವರು ನನ್ನ ಭುಜ ತಟ್ಟಿದರು. "ನಿನ್ನ ಆಟ ಚೆನ್ನಾಗಿದೆ. ಆದರೆ ಹೊರದೇಶದಲ್ಲಿ ಹೀಗೆ ನಿಂತರೆ ಯಾರೂ ಕಾಯುವುದಿಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ, ಹೇಳಿದ್ದೂ ಸುಳ್ಳಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ಬೆವರಿದ ಬನೀನಿನಲ್ಲೇ ಗಣಿಯ ಕಡೆ ಓಡಿದೆ.

ಗೇಟಿನ ಮುಂದೆ ಆಗಲೇ ಹೆಂಗಸರು ನೆರೆದಿದ್ದರು. ಸೈರನ್ ಕೂಗಿರಲಿಲ್ಲ, ಆದರೂ ಯಾರೂ ಮನೆಗೆ ಹೋಗಿರಲಿಲ್ಲ. ಶಿಫ್ಟು ಬಿಟ್ಟು, ಆಳುಗಳನ್ನು ಗಣಿಯಿಂದ ಎತ್ತುವ ಕೇಜು ಒಂದೊಂದಾಗಿ ಮೇಲೆ ಬಂದು, ಒಂದೊಂದೇ ಗುಂಪು ಹೊರಗೆ ಬಂತು. ಮೂರನೆಯ ಗುಂಪಿನಲ್ಲಿ ಅಣ್ಣ. ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ, ಕೈಯಲ್ಲಿ ಊಟದ ಡಬ್ಬಿ. ನನ್ನನ್ನು ಕಂಡವನೇ ಹತ್ತಿರ ಬಂದ.

"ಏನ್ಲಾ, ಆರಿಸ್ಕಂಡ್ರಾ?"

"ಇಲ್ಲ."

"ಯಾಕ್ಲಾ?"

ನಡೆದದ್ದು ಹೇಳಿದೆ. ಅವನ ಮುಖ ಕೆಂಪಾಯಿತು.

"ಬಂಡೆ ಸಿಡ್ದಿದ್ದು ನಮ್ ಪಕ್ಕದಾಗೆ. ನಾವೇ ಧೂಳ್ ಒದ್ರಿಕೊಂಡು ಕೆಲ್ಸ ಮಾಡಿದ್ವಿ. ಮ್ಯಾಲಿದ್ದೋನು ನೀನ್ಯಾಕ್ ನಿಂತ್ಕಂಡೆ? ಕೆಳ್ಗೆ ಅಷ್ಟೂ ಜನಕ್ಕೆ ಹೇಳಿದ್ನಲ್ಲಾ, ನನ್ ತಮ್ಮ ಇಂಡ್ಯಾಕ್ಕೆ ಆಡ್ತಾನೆ ಅಂತ. ನಾಳೆ ಯಾವ್ ಮುಖ ಇಟ್ಕಂಡು ಇಳೀಲಿ?"

ಅವನಿಗೆ ನಾಳೆಯೆಂಬುದು ಉಳಿದಿತ್ತು, ನಾಳೆಯೂ ಇಳಿಯುವ ಮಾತಾಡಿದ. ಅಷ್ಟು ಕೇಳಿಸಿಕೊಂಡದ್ದೇ ಕಣ್ಣು ತುಂಬಿ, ನಗುವೂ ಬಂತು. ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡೆ. ಮನೆಯವರೆಗೂ ಅವನು ಬೈಯುತ್ತಲೇ ನಡೆದ. ಬೈಗುಳ ಎಲ್ಲಿ ನಿಂತುಬಿಡುತ್ತದೋ ಎಂದು ನಾನು ನಡುನಡುವೆ ಎದುರುತ್ತರ ಕೊಡುತ್ತಿದ್ದೆ.