ಬೆಳಗಿನ ಮೊಗ್ಗು, ಬಳೆಯ ಸದ್ದು

ನಿನ್ನೆ ಬೆಳಿಗ್ಗೆ ಚನ್ನಗಿರಿ ಸಂತೆಯಿಂದ ತಂದ ಮಲ್ಲಿಗೆ ಮೊಗ್ಗಿನ ಪೊಟ್ಟಣ ಬಿಚ್ಚಿದೆ. ಮೂಗಿಗೆ ಹಿಡಿದರೆ ಒದ್ದೆ ಬಾಳೆಲೆಯ ವಾಸನೆ, ಅಷ್ಟೆ. ತಟ್ಟನೆ ಪೊಟ್ಟಣ ದೂರ ಸರಿಸಿದೆ. ನಗಬೇಡಿ, ಮೊಗ್ಗಿಗೆ ಹೆದರುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಎಪ್ಪತ್ತರ ದಶಕದ ಕೊನೆ. ಆಗ ನಮ್ಮ ಮನೆ ನ್ಯಾಮತಿಯಲ್ಲಿ. ಅಕ್ಕನಿಗೆ ಬಂದ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗಿತ್ತು. 'ಸಾರು ಸೀದರೂ ತಿಳಿಯದವಳು' ಎಂದು ಎರಡು ಸಂಬಂಧ ತಪ್ಪಿದ್ದವು. ಮೂರನೆಯದು ಹೊನ್ನಾಳಿಯದು. ಹುಡುಗ ಮೇಷ್ಟ್ರು, ಅಕ್ಕನಿಗೆ ಮನಸ್ಸಾಗಿತ್ತು. ಇದೂ ತಪ್ಪಿದರೆ ಇನ್ಯಾರನ್ನೂ ಕರೆಸುವುದಿಲ್ಲವೆಂದು ಅಪ್ಪ ಹೇಳಿಬಿಟ್ಟಿದ್ದರು. ಅದಕ್ಕೇ ನಾವಿಬ್ಬರೂ ಉಪಾಯ ಹೂಡಿದೆವು: ಅವರು ಏನಾದರೂ ಮೂಸಲು ಕೊಟ್ಟಾಗ, ಘಮ ಇದ್ದರೆ ನಾನು ಬಳೆ ಸದ್ದು ಮಾಡಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು.

ನಾನಾಗ ಪಿಯುಸಿ ವಿಜ್ಞಾನದವಳು. ಹೂವು ಘಮ ಬೀರುವುದು ನಮ್ಮ ಮುಡಿಗಾಗಿ ಅಲ್ಲ, ಪರಾಗ ಹೊರುವ ಹುಳುಗಳಿಗಾಗಿ. ಕನಕಾಂಬರ ಹಗಲಲ್ಲಿ ಬಣ್ಣ ತೋರಿಸಿಯೇ ಕರೆಯುತ್ತದೆ. ಬಿಳಿ ಮಲ್ಲಿಗೆ ಮುಸ್ಸಂಜೆಗೆ ಅರಳಿ, ದಳದೊಳಗಿನ ಎಣ್ಣೆಯನ್ನು ಗಾಳಿಗೆ ಬಿಟ್ಟು ಪತಂಗಗಳನ್ನು ಕರೆಯುತ್ತದೆ. ಇಷ್ಟನ್ನೂ ಗಿಳಿಪಾಠ ಒಪ್ಪಿಸಿ ಅಕ್ಕನ ತಲೆ ತಿಂದಿದ್ದೆ.

ಹುಡುಗನ ತಾಯಿಗೆ ಯಾರೋ ಕಿವಿ ಊದಿದ್ದರೆಂದು ಕಾಣುತ್ತದೆ. ಹೆಣ್ಣು ನೋಡಲು ಬಂದ ದಿನ, ಉಪ್ಪಿಟ್ಟು ಮುಗಿಯುತ್ತಲೇ ಒದ್ದೆ ಬಟ್ಟೆಯ ಗಂಟು ಬಿಚ್ಚಿ, ಅಕ್ಕನ ಬೊಗಸೆಗೆ ಮಲ್ಲಿಗೆ ಮೊಗ್ಗು ಸುರಿದರು.

"ನಮ್ಮ ಹಿತ್ಲದು. ಬೆಳಿಗ್ಗೆ ಬಿಡಿಸ್ಕೊಂಡು ಬಂದೀನಿ. ಘಮ ಹೆಂಗೈತೆ ನೋಡವ್ವ."

ಮಲ್ಲಿಗೆ ಅಂದಮೇಲೆ ಘಮ ಇರಲೇಬೇಕಲ್ಲ! ಮಹಾ ವಿಜ್ಞಾನಿ ನಾನು, ಹಿಂದುಮುಂದು ನೋಡದೆ ಬಳೆ ಆಡಿಸಿದೆ.

"ಬಾಳ ಚೆನ್ನಾಗೈತ್ರಿ," ಅಂದಳು ಅಕ್ಕ.

ಹುಡುಗನ ತಾಯಿ ನಗಲಿಲ್ಲ. "ಬಿಗಿ ಮೊಗ್ಗಿಗೆ ಎಲ್ಲಿ ಘಮ ಬರ್ತೈತವ್ವ? ಸಂಜಿಗೆ ಅರಳಬೇಕು. ಯಾರು ಹೇಳಿಕೊಟ್ರು ನಿಂಗೆ?"

ನಾನು ಬಳೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅಕ್ಕ ನನ್ನತ್ತ ತಿರುಗಲೂ ಇಲ್ಲ.

"ಯಾರೂ ಇಲ್ರಿ. ನಂಗೆ ವಾಸ್ನೆ ತಿಳಿಯಾಕಿಲ್ಲ. ನಾನೇ ಸುಳ್ಳು ಹೇಳ್ದೆ."

"ವಾಸ್ನೆ ತಿಳೀದಿದ್ರೆ ಹೆಂಗೋ ಸಂಭಾಳಿಸ್ತಿದ್ವಿ. ಸುಳ್ಳು ನಮ್ಮನ್ಯಾಗೆ ನಡಿಯಾಕಿಲ್ಲ," ಎನ್ನುತ್ತಾ ಆಕೆ ಎದ್ದರು.

ಅಕ್ಕ ಜಗಳೂರಿನಲ್ಲಿ ಬಾಲವಾಡಿ ಟೀಚರಾಗಿ, ಒಂಟಿಯಾಗಿಯೇ ವಯಸ್ಸು ಕಳೆದಳು. ಬಳೆಯ ಮಾತು ಅವಳು ಎತ್ತಲಿಲ್ಲ, ನಾನೂ ಬಾಯಿಬಿಡಲಿಲ್ಲ. ನಾಚಿಕೆಗೇಡು.

ನಿನ್ನೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಪೊಟ್ಟಣ ನೋಡಿ ಬೊಗಸೆ ಒಡ್ಡಿದಳು. "ಘಮ ಐತೇನೆ?"

"ಇನ್ನೂ ಇಲ್ಲಕ್ಕ. ಅವತ್ತೂ ಇರಲಿಲ್ಲ. ಬಳೆ ಆಡಿಸಿದ್ದು ನಾನು ಅಂತ ಅವತ್ತೇ ಅವರ ಮುಂದೆ ಹೇಳಬೇಕಿತ್ತು."

ಅಕ್ಕ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರವಿದಳು. ಒಂದೊಂದನ್ನೇ, ನಿಧಾನವಾಗಿ.

"ಈಗ ಹೇಳ್ದೆಯಲ್ಲ," ಅಂದಳು. "ಘಮ ಬಂದಾಗ ಬಳೆ ಆಡ್ಸು."

ಸಂಜೆಯವರೆಗೂ ನಾನು ಕೈ ಅಲುಗಿಸದೆ ಕೂತಿದ್ದೆ.