ಇಲ್ಲ ಅನ್ನಲು ಕಲಿಸಿದ ಕಮಲಾಕ್ಷಮ್ಮ ಮೇಡಂ

ಜಗಳೂರು ಪೇಟೆಯ ಚನ್ನಬಸಪ್ಪನ ಕಿರಾಣಿ ಅಂಗಡಿಯೆದುರು ಕಮಲಾಕ್ಷಮ್ಮ ಮೇಡಂ ಚೀಲ ಹಿಡಿದು ನಿಂತರೆಂದರೆ ಅಕ್ಕಪಕ್ಕದವರಿಗೆಲ್ಲ ಬಿಟ್ಟಿ ನಾಟಕ. ಮೇಡಂ ಉಪ್ಪು ಕೇಳುವರು. ಮುಗಿದಿದ್ದರೆ ಆತ ನಮ್ಮ ಕಡೆಯ ಪದ್ಧತಿಯಂತೆ, "ಉಪ್ಪು ಹೆಚ್ಚೈತೆ ರೀ" ಅನ್ನುವನು. ಬಾಯಿಬಿಟ್ಟು 'ಇಲ್ಲ' ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳಲ್ಲ! ಅಕ್ಕಿ ತೀರಿದರೆ 'ತುಂಬಿತು', ಬಳೆ ಒಡೆದರೆ 'ಹೆಚ್ಚಿತು', ದೀಪ ಆರಿಸಬೇಕಾದರೆ 'ದೊಡ್ಡದು ಮಾಡು'. ನಾವೆಲ್ಲ ಹಾಗೇ ಬೆಳೆದವರು.

"ಹೆಚ್ಚಿದ್ರೆ ಎರಡು ಪಾಕೀಟು ಕೊಡಪ್ಪಾ, ಮತ್ತೇನು!" ಎಂದು ಮೇಡಂ ಚೀಲ ಅಗಲಿಸುವರು.

"ಹಂಗಲ್ರೀ ಮೇಡಂ..."

"ಹೆಂಗೆ ಮತ್ತೆ? ಇಲ್ಲ ಅನ್ನಾಕೆ ಬಾಯಿಗೆ ಏನಾಗೈತೆ? ಇಲ್ಲ ಅಂದ್ರೆ ಮನೆ ಬರಿದಾಗಲ್ಲೋ ಮಾರಾಯ."

ಚನ್ನಬಸಪ್ಪ ಹಣೆ ಒರೆಸಿಕೊಳ್ಳುತ್ತಿದ್ದನೇ ಹೊರತು ಆ ಮಾತು ಆಡುತ್ತಿರಲಿಲ್ಲ. ಇಬ್ಬರೂ ಮಹಾ ಹಟಮಾರಿಗಳು.

ಮೇಡಂ ಹತ್ತಿರದ ಸೊಕ್ಕೆ ಊರಿನವರು. ನಮ್ಮ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಆಳು ಕುಳ್ಳು, ಧ್ವನಿ ಮಾತ್ರ ಬಸ್ ಸ್ಟ್ಯಾಂಡಿಗೆ ಸಾಕಾಗುವಷ್ಟು. ಯಾಕೆ ಮದುವೆಯಾಗಲಿಲ್ಲ ಅಂತ ಯಾರಾದರೂ ಕೇಳಿದರೆ "ಒಲ್ಲೆ ಅಂದೆ, ಮುಗೀತು" ಅನ್ನುತ್ತಿದ್ದರು. ದಾವಣಗೆರೆಯ ಹಳೇ ಪುಸ್ತಕದ ಅಂಗಡಿಗಳಿಂದ ಅವರು ಹೊತ್ತು ತಂದ ನಿಘಂಟುಗಳು ಮನೆಯಲ್ಲಿ ಮಂಚದ ಕೆಳಗೂ ಇದ್ದವು. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಪುಟ್ಟದೊಂದು ಪದ ತೆಗೆದುಕೊಂಡು ನಮ್ಮನ್ನು ಯುರೋಪೆಲ್ಲ ಸುತ್ತಿಸುತ್ತಿದ್ದರು. ಬಿಳಿಚೋಡಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದ ನನಗೆ ಅದೇ ಮೊದಲ ವಿದೇಶ ಪ್ರವಾಸ.

ಒಂದು ಶನಿವಾರ 'ನೋ' ಎಂದು ಹಲಗೆ ತುಂಬ ಬರೆದರು.

"ಇಂಗ್ಲಿಷಿನೋರ ನೋ ಅಂದ್ರೆ ಹುಟ್ಟಿನಿಂದ್ಲೇ 'ಎಂದಿಗೂ ಅಲ್ಲ' ಅಂತ. ಲ್ಯಾಟಿನ್ನಿನೋರು 'ಒಂದೂ ಅಲ್ಲ' ಅನ್ನೋದನ್ನ ಸವೆಸಿ ಸವೆಸಿ ನೋನ್ ಮಾಡ್ಕೊಂಡ್ರು. ಪೋರ್ಚುಗಲ್ಲಿಗೆ ಹೋಗ್ರಿ, ಅಲ್ಲಿ ನೋ ಅಂದ್ರೆ 'ಅದರೊಳಗೆ'. ರಷ್ಯಾದಾಗೆ 'ಆದರೆ'. ಪೋಲೆಂಡಿನೋರು ಮಾತಿನ ಮಧ್ಯೆ ನೋ, ನೋ ಅಂದ್ರೆ ನಾವು ಹೂಂ ಹೂಂ ಅಂದಂಗೆ!"

ನಾವು ಬೆಂಚು ಬಡಿದು ನಕ್ಕೆವು. ಮೇಡಂ ನಗಲಿಲ್ಲ.

"ನಗ್ರಿ, ನಗ್ರಿ. ಇವೆಲ್ಲ ಒಂದೇ ತಾಯಿ ಮಕ್ಕಳಲ್ಲ, ಬ್ಯಾರೆ ಬ್ಯಾರೆ ಬೇರಿನಿಂದ ಬಂದು ಒಂದೇ ಮುಖ ಹೊತ್ತಾವೆ. ಅದು ಅವರ ಹಣೆಬರಹ. ನಮಗೆ ಆ ತಾಪತ್ರಯ ಏನೂ ಇಲ್ಲ. 'ಇಲ್ಲ' ಅಂದ್ರೆ ಎಲ್ಲಾರಿಗೂ ತಿಳಿತೈತೆ. ಆದ್ರೂ ನಾವು ಅನ್ನಲ್ಲ. ಏಳೇ ಬಿಳಿಚೋಡು, ಗಟ್ಟಿಯಾಗಿ ಇಲ್ಲ ಅನ್ನು."

ನಾನು ಎದ್ದು ಪಿಸುಗುಟ್ಟಿದೆ. "ಸತ್ತೋರ ಮನೇಲಿ ಮಾತಾಡ್ದಂಗೆ ಐತೆ. ಕುಂದ್ರು" ಅಂದರು. ಮೈಯೆಲ್ಲ ಉರಿದುಹೋಯಿತು ನನಗೆ.

ಮುಂದೆ ನಾನು ನರ್ಸಿಂಗ್ ಓದಿ ಜಗಳೂರಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿದೆ. ಕಳೆದ ಮಳೆಗಾಲದಲ್ಲಿ ಮೇಡಂಗೆ ಹೊಟ್ಟೆನೋವು ಶುರುವಾಗಿ, ದಾವಣಗೆರೆಯಲ್ಲಿ ಪರೀಕ್ಷೆ ಮಾಡಿಸಿದರು. ಗಡ್ಡೆ ಆಗಲೇ ಹಬ್ಬಿಬಿಟ್ಟಿತ್ತು. ಹೊನ್ನಾಳಿಯಲ್ಲಿದ್ದ ಮೇಡಂ ಅವರ ತಮ್ಮ ರುದ್ರಪ್ಪ, ಡಾಕ್ಟರಿಗೆ ಕೈಮುಗಿದು, ಅಕ್ಕನಿಗೆ ಹೇಳಬೇಡಿ ಅಂದರಂತೆ. ನನಗೂ ಅದೇ ಮಾತು: "ಬರೀ ಗ್ಯಾಸ್ಟ್ರಿಕ್ ಅಂದ್ಬಿಡವ್ವ. ಗೊತ್ತಾದ್ರೆ ಆಕಿ ಎದೆ ಒಡೀತೈತೆ." ಅವರದೂ ತಪ್ಪಲ್ಲ. ನಮ್ಮಲ್ಲಿ ಕಾಯಿಲೆಗೂ ದೀಪಕ್ಕೂ ಒಂದೇ ಪದ್ಧತಿ.

ಒಂದು ಮಧ್ಯಾಹ್ನ ಮೇಡಂ ತಾವೇ ರಿಪೋರ್ಟು ಹಿಡಿದು ನನ್ನ ಮುಂದೆ ಬಂದು ಕೂತರು.

"ಡಾಕ್ಟ್ರು ನೋಡಾಣ ಅಂತಾರೆ. ತಮ್ಮ ಎಲ್ಲಾ ಸರಿಹೋಗ್ತೈತೆ ಅಂತಾನೆ. ಹೊನ್ನಾಳಿಗೆ ಬಂದು ಇದ್ಬಿಡು ಅಂತಾನೆ. ನೋಡು, ಗುಣ ಆಗೋದಾದ್ರೆ ಈಗ್ಲೇ ರಜಾ ಹಾಕಿ ಹೋಗ್ತೀನಿ, ಮುಂದಿನ ವರ್ಷ ಬಂದು ಪಾಠ ಮಾಡ್ತೀನಿ. ಆಗಲ್ಲ ಅನ್ನೋದಾದ್ರೆ ಈ ಮಕ್ಕಳನ್ನ ನಡುನೀರಿನಾಗೆ ಬಿಟ್ಟು ಹೋಗಾಕೆ ನಾ ಒಲ್ಲೆ. ಯಾವುದು ಹೇಳು. ಗುಣ ಆಗ್ತೈತಾ?"

ರುದ್ರಪ್ಪನ ಮುಗಿದ ಕೈ ಕಣ್ಣಿಗೆ ಕಟ್ಟಿತು. ಸುಳ್ಳು ಹೇಳಿದರೆ ಇವರಿಗೆ ಉಳಿದಿರುವ ಅಷ್ಟಿಷ್ಟು ದಿನವನ್ನೂ ನಾನೇ ಕಸಿದುಕೊಂಡ ಹಾಗೆ ಅನ್ನಿಸಿತು.

"ಇಲ್ಲ ಮೇಡಂ" ಅಂದೆ. ಈ ಸಲ ಪಿಸುಗುಟ್ಟಲಿಲ್ಲ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ನಾನು ಅಳುತ್ತಿದ್ದೆ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಭೇಷ್ ಬಿಳಿಚೋಡು. ಪಾಸಾದೆ. ಈಗ ನೋವಿಗೆ ಏನು ಮಾತ್ರೆ ಕೊಡ್ತಾರೆ ಕೇಳು, ನನಗೆ ಕ್ಲಾಸ್ ಐತೆ" ಎಂದು ಎದ್ದರು.

ರುದ್ರಪ್ಪ ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಮೇಡಂ ಮಾತ್ರ ಕಾಲೇಜು ಬಿಡಲಿಲ್ಲ. ಮೊದಮೊದಲು ನಿಂತು, ಆಮೇಲೆ ಕುರ್ಚಿಯಲ್ಲಿ ಕೂತು, ಕೊನೆಗೆ ಮಕ್ಕಳನ್ನೇ ಮನೆಗೆ ಕರೆಸಿಕೊಂಡು ಪಾಠ ಮುಗಿಸಿದರು. ಪರೀಕ್ಷೆ ಮುಗಿದ ಮೇಲೆಯೇ ಹೊನ್ನಾಳಿಗೆ ಹೋಗಿದ್ದು.

ನಾನು ನೋಡಲು ಹೋದಾಗ ಮೇಡಂ ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದರು. ಬಾಗಿಲು ತೆರೆದ ರುದ್ರಪ್ಪ, "ಒಳಗೆ ಬಾರವ್ವ. ನೀ ಹೇಳಿದ್ದೇ ಒಳ್ಳೇದಾತು" ಅಂದರು. ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ದಡ ಮುಟ್ಟಿದ ಸುದ್ದಿ ಮೇಡಂಗೆ ಆಗಲೇ ತಲುಪಿತ್ತು. ಅದನ್ನೇ ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಹೊರಡುವಾಗ ಬಾಯಿತಪ್ಪಿ "ಬರ್ತೀನಿ ಮೇಡಂ" ಅಂದು ನಾಲಿಗೆ ಕಚ್ಚಿಕೊಂಡೆ. ಹೋಗುವವರು 'ಬರ್ತೀನಿ' ಅನ್ನುವುದೂ ಅವರ ಕೈಲಿ ಬೈಸಿಕೊಳ್ಳುತ್ತಿದ್ದ ಪದ್ಧತಿಯೇ.

ಮೇಡಂ ನಕ್ಕರು. "ಬಾ. ಅದೊಂದು ಇರ್ಲಿ."

ಅವರು ತೀರಿಕೊಂಡ ಮರುವಾರ ಸಾಮಾನಿಗೆ ಪೇಟೆಗೆ ಹೋದೆ. ಚನ್ನಬಸಪ್ಪ ಬೀದಿಯತ್ತ ಕಣ್ಣು ಹಾಯಿಸಿ, "ಮೇಡಂ ಈ ಕಡೆ ಬಂದು ಬಾಳ ದಿನ ಆತಲ್ಲವ್ವ, ಆರಾಮ್ ಅದಾರಾ?" ಎಂದ.

"ಮೇಡಂ ಇಲ್ಲ, ಚನ್ನಬಸಪ್ಪ" ಅಂದೆ.

ಆತ ತಕ್ಕಡಿ ಕೆಳಗಿಟ್ಟ. ಆಮೇಲೆ ನಾನು ಉಪ್ಪು ಕೇಳಿದೆ. ಆತ ಖಾಲಿ ಡಬ್ಬದ ಕಡೆ ತಿರುಗಿ, "ಹೆಚ್..." ಅಂದವನು ತಡೆದು, ಮೇಡಂ ನಿಲ್ಲುತ್ತಿದ್ದ ಜಾಗವನ್ನೇ ನೋಡುತ್ತ ಹೇಳಿದ:

"ಉಪ್ಪು ಇಲ್ಲವ್ವ."